ಷರಾ ಕಾಲಮಿನಲ್ಲಿ ಬರೆದ ಹೆಸರುಗಳು

ಬೆಳಗಿನ ಎಂಟೂವರೆಗೆ ಮಳೆಮಾಪಕದ ನೀರು ಅಳೆಯುವುದು ನಮ್ಮ ಮನೆಯಲ್ಲಿ ದೇವರಿಗೆ ದೀಪ ಹಚ್ಚುವಷ್ಟೇ ತಪ್ಪದ ಕೆಲಸ. ಮಡಿಕೇರಿಗೆ ಅರ್ಧ ಗಂಟೆಯ ದಾರಿಯಲ್ಲಿರುವ ಈ ತೋಟದ ಮನೆಗೆ ನಾನು ಸೊಸೆಯಾಗಿ ಬಂದ ವರ್ಷವೇ ಮಾವನವರು ಈ ಕೆಲಸವನ್ನು ನನಗೆ ಒಪ್ಪಿಸಿದರು. ಕೊಡಗಿನ ತೋಟದವರು ಇಂದಿಗೂ ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿಯೇ ಹೇಳುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ರೇಡಿಯೋ, ಟಿವಿಯವರು ಹೇಳುವ ಮಿಲಿಮೀಟರನ್ನು ನಾವು 25.4ರಿಂದ ಭಾಗಿಸಿಕೊಂಡ ಮೇಲೆಯೇ ಅದು ಮಳೆಯಾಗಿ ಅರ್ಥವಾಗುತ್ತದೆ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಒಂದು ಇಂಚಿನಷ್ಟು ಹೂಮಳೆ ಬಿದ್ದರೆ ವಾರ ಒಪ್ಪತ್ತಿನಲ್ಲಿ ರೊಬಸ್ಟಾ ಕಾಫಿ ತೋಟವೆಲ್ಲ ಹೂಬಿಟ್ಟು ಬಿಳಿಯಾಗುತ್ತದೆ. ಆದ್ದರಿಂದ ಆ ದಿನಗಳಲ್ಲಿ ‘ನಿಮ್ಮಲ್ಲಿ ಎಷ್ಟು ಸೆಂಟು?’ ಎಂಬ ಪ್ರಶ್ನೆಗೆ ‘ಚೆನ್ನಾಗಿದ್ದೀರಾ?’ ಎಂಬುದಕ್ಕಿಂತ ಹೆಚ್ಚಿನ ತೂಕವಿರುತ್ತದೆ.

ಮಳೆ ಬರೆದಿಡುವ ಪುಸ್ತಕದ ಕೊನೆಯ ಕಾಲಮಿಗೆ ಮಾವನವರು ‘ಷರಾ’ ಎಂದು ತಲೆಬರಹ ಕೊಟ್ಟಿದ್ದರು. ಬೋರ್ಡೋ ದ್ರಾವಣ ಸಿಂಪಡಿಸಿದ ದಿನ, ಸಿಲ್ವರ್ ಓಕ್ ಮರ ಬಿದ್ದು ವಿದ್ಯುತ್ ತಂತಿ ತುಂಡಾದ ದಿನ, ಹಸು ಕರು ಹಾಕಿದ ದಿನ, ಹೀಗೆ ಅವರ ದುಂಡಕ್ಷರದ ಟಿಪ್ಪಣಿಗಳು ಅಲ್ಲಿವೆ. ಅವರು ತೀರಿಕೊಂಡ ನಂತರದ ಪುಟಗಳಲ್ಲಿ ಅದೇ ಕಾಲಮಿನಲ್ಲಿ ನಾನು ಬರೆದದ್ದನ್ನು ಈಚೆಗೆ ಒಂದು ಮಧ್ಯಾಹ್ನ ಕುಳಿತು ತಿರುವಿದಾಗ, ಅರ್ಧಕ್ಕರ್ಧ ಟಿಪ್ಪಣಿಗಳು ನಾಯಿಗಳ ಹೆಸರಿನವು ಎಂಬುದು ಗಮನಕ್ಕೆ ಬಂತು: ‘ಚಿನ್ನಿ ಬಂದಳು.’ ‘ಅರ್ಜುನ, ಐದು ದಿನ.’ ‘ರಾಜನಿಗೆ ಸೀನು.’ ಇವುಗಳಲ್ಲಿ ಒಂದೂ ನಮ್ಮ ನಾಯಿಯಲ್ಲ, ಎಲ್ಲವೂ ಸ್ನೇಹಿತರ ಮನೆಯವು. ನಮ್ಮದೇ ನಾಯಿ 2017ರಲ್ಲಿ ಮುಪ್ಪಾಗಿ ಸತ್ತ ಮೇಲೆ ನಾವು ಮತ್ತೊಂದನ್ನು ತರಲಿಲ್ಲ. ಆದರೆ ಆಮೇಲೆ ನಮ್ಮ ಮನೆ ನಾಯಿಯಿಲ್ಲದೆ ಇದ್ದದ್ದು ಬಹಳ ಕಡಿಮೆ.

ಇಲ್ಲಿಯ ಮನೆಗಳು ಒಂದಕ್ಕೊಂದು ದೂರ. ಒಂದು ಮನೆಯಿಂದ ಇನ್ನೊಂದು ಮನೆಗೆ ನಡುವೆ ಒಂದು ತೋಟ, ಒಂದು ಗದ್ದೆ ಬಯಲು, ಕೆಲವೊಮ್ಮೆ ಒಂದು ತೊರೆ. ಮಕ್ಕಳು ಬೆಂಗಳೂರಿನಲ್ಲಿರುತ್ತಾರೆ, ದೊಡ್ಡ ಕಾಯಿಲೆಗೆ ಮೈಸೂರಿನ ಆಸ್ಪತ್ರೆಗೇ ಹೋಗಬೇಕು, ಮದುವೆಗಳು ಎರಡೆರಡು ದಿನ ನಡೆಯುತ್ತವೆ. ಮನೆ ಬಿಟ್ಟು ಹೊರಡುವಾಗ ಹಸುವಿಗೆ ಲೈನ್ ಮನೆಯ ತೋಟದ ಕಾರ್ಮಿಕರು ಹುಲ್ಲು ಹಾಕುತ್ತಾರೆ, ಕೋಳಿಗಳು ಹೇಗೋ ಇರುತ್ತವೆ. ನಾಯಿ ಮಾತ್ರ ಹಾಗಲ್ಲ. ಯಾರೂ ಇಲ್ಲದ ಅಂಗಳದಲ್ಲಿ ರಾತ್ರಿ ಕಟ್ಟಿ ಹಾಕಿದರೆ ಚಿರತೆಗೆ ಕೊಟ್ಟಂತೆ. ಬಿಟ್ಟರೆ ಯಜಮಾನನನ್ನು ಹುಡುಕಿಕೊಂಡು ರಸ್ತೆಗೆ ಇಳಿಯುತ್ತದೆ. ಹಾಗಾಗಿ ‘ಅಕ್ಕಾ, ನಾಲ್ಕು ದಿನ ಇವನನ್ನು ಇಟ್ಟುಕೊಳ್ತೀರಾ?’ ಎಂಬ ಫೋನು ನಮ್ಮ ಮನೆಗೆ ಬರುತ್ತದೆ, ಮತ್ತು ನಾವು ಈವರೆಗೆ ಇಲ್ಲ ಎಂದಿಲ್ಲ.

ಇದು ಶುರುವಾದದ್ದು 2018ರ ಆಗಸ್ಟಿನಲ್ಲಿ. ಆ ತಿಂಗಳ ನಡುವಿನಲ್ಲಿ ಮಕ್ಕಂದೂರು, ಕಾಲೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡಗಳು ಕುಸಿದು ಬಂದದ್ದನ್ನು ಕೊಡಗಿನವರು ಯಾರೂ ಮರೆಯಲಾರರು. ನನ್ನ ಮಳೆಪುಸ್ತಕದಲ್ಲಿ ಆ ವಾರದ ಮೂರು ದಿನಗಳ ಸಾಲು ಖಾಲಿ ಇದೆ. ಅಳತೆಯ ಪಾತ್ರೆ ತುಂಬಿ ಹರಿಯುತ್ತಿತ್ತು, ಅಳೆಯುವ ಮನಸ್ಸೂ ಇರಲಿಲ್ಲ. ಮಕ್ಕಂದೂರು ಕಡೆಯ ನನ್ನ ಗೆಳತಿಯ ಮನೆಯವರು ಉಟ್ಟ ಬಟ್ಟೆಯಲ್ಲಿ ತೋಟದೊಳಗಿಂದ ನಡೆದು ಬಂದು ಪರಿಹಾರ ಕೇಂದ್ರ ಸೇರಿದ್ದರು. ಹಳೆಯ ಸೀರೆಯ ಅಂಚನ್ನು ಕುತ್ತಿಗೆಗೆ ಕಟ್ಟಿ ತಮ್ಮ ಕಂದು ಬಣ್ಣದ ನಾಡು ನಾಯಿ ಚಿನ್ನಿಯನ್ನೂ ಕರೆತಂದಿದ್ದರು. ನೂರಾರು ಜನ ಮಲಗುವ ಜಾಗದಲ್ಲಿ ನಾಯಿಯನ್ನು ಇಟ್ಟುಕೊಳ್ಳುವುದು ಹೇಗೆ? ಅಕ್ಕಿ, ಕಂಬಳಿ ಕೊಡಲು ಹೋಗಿದ್ದ ನನ್ನ ಯಜಮಾನರು ಸಂಜೆ ಜೀಪಿನಿಂದ ಇಳಿದಾಗ ಅವರ ಕೈಯಲ್ಲಿ ಆ ಸೀರೆಯ ತುಂಡು ಇತ್ತು, ಅದರ ಇನ್ನೊಂದು ತುದಿಯಲ್ಲಿ ಕೆಸರು ಒಣಗಿ ಗಟ್ಟಿಯಾದ ಮೈಯ ಚಿನ್ನಿ ಇದ್ದಳು.

ಅವಳು ಹನ್ನೊಂದು ತಿಂಗಳು ನಮ್ಮಲ್ಲಿದ್ದಳು. ಮೊದಲ ಎರಡು ದಿನ ಏನೂ ತಿನ್ನಲಿಲ್ಲ. ಅಡುಗೆಮನೆಯ ಹಿಂದೆ, ಎಲ್ಲ ನಾಯಿಗಳೂ ಇಷ್ಟಪಡುವ ಬೆಚ್ಚಗಿನ ಜಾಗದಲ್ಲಿ ಅವಳಿಗೆ ಗೋಣಿ ಹಾಸಿದರೆ ಅಲ್ಲಿ ಕ್ಷಣವೂ ನಿಲ್ಲುತ್ತಿರಲಿಲ್ಲ, ಏಕೆಂದರೆ ಅದರ ಹಿಂದೆಯೇ ನಮ್ಮ ಮನೆಯ ಬರೆ ಇತ್ತು. ಮನೆ ಕಟ್ಟಲು ಗುಡ್ಡ ಕಡಿದಾಗ ಉಳಿದ ಆ ಮಣ್ಣಿನ ಗೋಡೆಯನ್ನು ನಾನು ಮೂವತ್ತು ವರ್ಷಗಳಿಂದ ನೋಡುತ್ತ ಬಂದಿದ್ದೆ, ಅದಕ್ಕೆ ಹೆದರಿರಲಿಲ್ಲ. ಚಿನ್ನಿ ಅದರ ನೆರಳಿನಲ್ಲಿ ಮಲಗಲು ಒಪ್ಪದಿದ್ದದ್ದನ್ನು ಕಂಡ ಮೇಲೆ ನಾವು ಮಲಗುವ ಕೋಣೆಯನ್ನು ಹಿಂದಿನಿಂದ ಮುಂದಿನ ಭಾಗಕ್ಕೆ ಬದಲಿಸಿಕೊಂಡೆವು. ಬೇಸಿಗೆಯಲ್ಲಿ ಬರೆಯ ನೆತ್ತಿಯ ಮೇಲೆ ನೀರು ಇಂಗದೆ ಹೊರಗೆ ಹರಿಯುವಂತೆ ಕಾಲುವೆ ತೋಡಿಸಿದೆವು.

ಇನ್ನೊಂದು ಅಭ್ಯಾಸ ಅವಳಿಗಿತ್ತು. ಪ್ರತಿದಿನ ಮುಸ್ಸಂಜೆ, ಎಷ್ಟೇ ಮಳೆಯಿರಲಿ, ಹೊರಗೆ ಹೋಗಿ ನಮ್ಮ ಹಳೆಯ ಕೊಟ್ಟಿಗೆಯ ಬಾಗಿಲಲ್ಲಿ ನಿಲ್ಲುತ್ತಿದ್ದಳು. ನಾವು ಹಸು ಸಾಕುವುದನ್ನು ಬಿಟ್ಟು ವರ್ಷಗಳಾಗಿ ಅಲ್ಲಿ ಸೌದೆ ತುಂಬಿತ್ತು. ಚಿನ್ನಿ ಒಳಗೆ ಇಣುಕಿ, ಸ್ವಲ್ಪ ಹೊತ್ತು ಕಾದು, ಮನೆಯನ್ನು ಒಂದು ಸುತ್ತು ಹಾಕಿ ಮತ್ತೆ ಬಂದು ಇಣುಕುತ್ತಿದ್ದಳು. ನಾನು ಗೆಳತಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಹಸುಗಳನ್ನು ಕಟ್ಟುವಾಗ ದಿನಾ ನನ್ನ ಜೊತೆ ಬರುತ್ತಿದ್ದಳು, ಎಲ್ಲವೂ ಒಳಗೆ ಬಂದವೋ ಎಂದು ನೋಡಿ ಆಮೇಲೆಯೇ ಮನೆಗೆ ಬರುತ್ತಿದ್ದಳು’ ಎಂದಳು. ಅವರ ಕೊಟ್ಟಿಗೆ ಮಣ್ಣಿನಡಿ ಹೋಗಿತ್ತು. ಇಪ್ಪತ್ತು ವರ್ಷಗಳ ಸ್ನೇಹದಲ್ಲಿ ನಾನು ಗೆಳತಿಯ ಮನೆಗೆ ಹಬ್ಬಕ್ಕೆ, ಊಟಕ್ಕೆ, ಹಗಲು ಹೊತ್ತಿನಲ್ಲಿ ಹೋಗಿ ಬಂದಿದ್ದೆನೇ ಹೊರತು ಅವಳ ಮುಸ್ಸಂಜೆ ಹೇಗಿರುತ್ತಿತ್ತು ಎಂಬುದನ್ನು ಕಂಡಿರಲಿಲ್ಲ. ಅದನ್ನು ನನಗೆ ತೋರಿಸಿದವಳು ಚಿನ್ನಿ.

ಅಂದಿನಿಂದ ಬೇರೆಯವರ ಮನೆಯ ನಾಯಿ ನಮ್ಮ ಅಂಗಳಕ್ಕೆ ಬಂದಾಗಲೆಲ್ಲ ನಾನು ಅದನ್ನು ಗಮನಿಸುತ್ತೇನೆ. ನಾಯಿ ಒಂಟಿಯಾಗಿ ಬರುವುದಿಲ್ಲ, ತನ್ನ ಮನೆಯ ಹೊತ್ತುಗೊತ್ತುಗಳನ್ನೆಲ್ಲ ಹೊತ್ತುಕೊಂಡೇ ಬರುತ್ತದೆ.

ನಾಯಿ ಬಂದರೆ ಮನೆಗೆಲಸದ ಕ್ರಮವೂ ಬದಲಾಗುತ್ತದೆ, ಮಳೆಗಾಲದಲ್ಲಂತೂ ಇನ್ನಷ್ಟು. ಮಡಿಕೇರಿಯ ಸುತ್ತಮುತ್ತ ವರ್ಷಕ್ಕೆ ನೂರು ಇಂಚು ದಾಟುವುದು ಸಾಮಾನ್ಯ ಸಂಗತಿ. ಇಲ್ಲಿಂದ ಮೂವತ್ತು ಕಿಲೋಮೀಟರು ಪೂರ್ವಕ್ಕೆ ಇಳಿದು ಕುಶಾಲನಗರಕ್ಕೆ ಹೋದರೆ ಅದರ ಅರ್ಧವೂ ಬೀಳುವುದಿಲ್ಲ. ಜೂನ್ ಹಿಡಿದು ಸೆಪ್ಟೆಂಬರಿನವರೆಗೆ ನಮ್ಮ ಮನೆಯ ಕೆಲಸವೆಂದರೆ ಒಂದೇ, ತೇವದೊಡನೆ ಹೋರಾಟ. ಬಟ್ಟೆ ಒಗೆಯುವುದು ಕೆಲಸವಲ್ಲ, ಒಣಗಿಸುವುದು ಕೆಲಸ. ಬಚ್ಚಲ ಒಲೆಯ ಮೇಲೆ ಅಡ್ಡಡ್ಡ ಕಟ್ಟಿದ ಬಿದಿರಿನ ಗಳದಲ್ಲಿ ಬಟ್ಟೆ ಹರವಿ, ಅರ್ಧ ದಿನಕ್ಕೊಮ್ಮೆ ಮಗುಚಿ ಹಾಕಿ, ಹೊಗೆಯ ವಾಸನೆ ಹಿಡಿದದ್ದನ್ನು ಮತ್ತೆ ಇಸ್ತ್ರಿ ಮಾಡಿ ತೆಗೆದಿಡಬೇಕು. ಬೆಲ್ಟಿಗೆ, ಚಪ್ಪಲಿಗೆ, ಪುಸ್ತಕದ ಬೆನ್ನಿಗೆ ಬಿಳಿ ಬೂಷ್ಟು ಬರುತ್ತದೆ. ಉಪ್ಪು ನೀರಾಗುತ್ತದೆ, ಬೆಂಕಿಪೊಟ್ಟಣವನ್ನು ಅಕ್ಕಿಯ ಡಬ್ಬದೊಳಗೆ ಇಡುತ್ತೇವೆ. ಅಂಗಳದ ಪಾಚಿಗೆ ಎಲ್ಲರೂ ಬ್ಲೀಚಿಂಗ್ ಪೌಡರ್ ಎರಚುತ್ತಾರೆ. ನಾವೂ ಎರಚುತ್ತಿದ್ದೆವು, ಆದರೆ ಅದು ನಾಯಿಯ ಅಂಗಾಲಿನ ಮೆತ್ತೆಯನ್ನು ಉರಿಸುತ್ತದೆ ಮತ್ತು ನಾಯಿ ಆ ಕಾಲನ್ನೇ ನೆಕ್ಕುತ್ತದೆ. ಈಗ ತೆಂಗಿನ ಗರಿಯ ಕಡ್ಡಿಪೊರಕೆಯನ್ನು ಗಿಡ್ಡ ಕತ್ತರಿಸಿ ಅದರಿಂದಲೇ ಉಜ್ಜುತ್ತೇನೆ. ಸೊಂಟಕ್ಕೆ ಕಷ್ಟ, ಆದರೆ ಬೆಳಗಿನ ಹೊತ್ತು ಮಳೆ ಬಿಟ್ಟ ಇಪ್ಪತ್ತು ನಿಮಿಷದಲ್ಲಿ ಒಂದು ಮೂಲೆ ಮುಗಿಯುತ್ತದೆ, ಮತ್ತು ಆ ಕೆಲಸವನ್ನು ಜಗಲಿಯ ಮೇಲೆ ಕುಳಿತು ನೋಡಲು ಒಬ್ಬರಿರುತ್ತಾರೆ.

ಅಡುಗೆಮನೆಯಲ್ಲಿಯೂ ಹಾಗೆಯೇ. ಕೊಡಗಿನ ಅಕ್ಕಿ ರೊಟ್ಟಿಗೆ ಬರೀ ಹಿಟ್ಟು ಸಾಲದು. ರಾತ್ರಿಯ ಅನ್ನವನ್ನು ಅಂಗೈಯಿಂದ ಹಿಸುಕಿ ಅಗುಳು ಕಾಣದಂತೆ ಮಾಡಿ, ಅದಕ್ಕೆ ಹಿಡಿಯುವಷ್ಟೇ ಅಕ್ಕಿ ಹಿಟ್ಟು ಸೇರಿಸಿ ನಾದಬೇಕು. ಕೈಗೆ ಅಂಟುವುದು ನಿಂತು, ಕಿವಿಯ ಹಾಲೆಯಷ್ಟು ಮೆತ್ತಗಾದಾಗ ಉಂಡೆ ಕಟ್ಟಿ ಲಟ್ಟಿಸಿ, ಕಾವಲಿಯಲ್ಲಿ ಎರಡೂ ಬದಿ ಬಾಡಿಸಿ, ಕೆಂಡದ ಮೇಲೆ ಎಸೆದರೆ ಬಲೂನಿನಂತೆ ಉಬ್ಬಬೇಕು. ಉಬ್ಬದ ರೊಟ್ಟಿ ನಾಯಿಗೆ, ಇದು ಎಲ್ಲ ಮನೆಗಳ ಅಲಿಖಿತ ನಿಯಮ. ನಾಯಿ ಇರುವ ವಾರಗಳಲ್ಲಿ ನಮ್ಮ ಮನೆಯಲ್ಲಿ ಉಬ್ಬದ ರೊಟ್ಟಿಗಳು ಹೆಚ್ಚಾಗುತ್ತವೆ ಎಂದು ಯಜಮಾನರು ಹೇಳುತ್ತಾರೆ, ಅದು ನಿಜ. ಕೊಡಬಾರದ್ದರ ಪಟ್ಟಿಯನ್ನು ಕಪಾಟಿನ ಬಾಗಿಲಿನ ಒಳಗೆ ಅಂಟಿಸಿಟ್ಟಿದ್ದೇನೆ: ಈರುಳ್ಳಿ, ದ್ರಾಕ್ಷಿ, ಚಾಕಲೇಟು, ಬೇಯಿಸಿದ ಕೋಳಿಯ ಮೂಳೆ. ಜೊತೆಗೆ ತೋಟದ ಮನೆಯವರು ಮರೆಯಬಾರದ್ದು ಕಾಫಿ. ಹುರಿದ ಬೀಜವಾಗಲಿ, ಸೋಸಿ ಉಳಿದ ಚರಟವಾಗಲಿ ನಾಯಿಗೆ ವಿಷವೇ.

ಅರ್ಜುನನ ವಿಷಯಕ್ಕೆ ಬರುತ್ತೇನೆ. ಅವನು ಯಜಮಾನರ ಶಾಲಾದಿನಗಳ ಗೆಳೆಯರ ನಾಯಿ. ಸೈನ್ಯದಲ್ಲಿ ದುಡಿದು ನಿವೃತ್ತರಾದ ಅವರು ಮಾತು ಕಡಿಮೆ, ನಗು ಇನ್ನೂ ಕಡಿಮೆ. ಬಾಗಲಕೋಟೆಯಲ್ಲಿ ಕೆಲಸದಲ್ಲಿರುವ ಅವರ ಮಗ ತಂದುಕೊಟ್ಟ ಮುಧೋಳ ತಳಿಯ ಗಂಡು ಮರಿ ಅದು. ಘೋರ್ಪಡೆ ಅರಸರು ಮುತುವರ್ಜಿಯಿಂದ ಬೆಳೆಸಿದ, 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ಈ ತಳಿ ಬಯಲುಸೀಮೆಯ ಬಿಸಿಲಿನಲ್ಲಿ ಮೊಲದ ಹಿಂದೆ ಓಡುವುದಕ್ಕೆ ಹೇಳಿ ಮಾಡಿಸಿದ್ದು. ಉದ್ದ ಕಾಲು, ಒಳಸರಿದ ಹೊಟ್ಟೆ, ಎದೆಯ ಗೂಡು ಎಣಿಸಬಹುದಾದಷ್ಟು ತೆಳ್ಳಗಿನ ಚರ್ಮ, ಅದರ ಮೇಲೆ ಹೆಸರಿಗಷ್ಟೇ ಕೂದಲು. ಜುಲೈ ತಿಂಗಳ ನಮ್ಮ ಜಗಲಿಯಲ್ಲಿ ಅವನು ನಿಂತಲ್ಲೇ ನಡುಗುತ್ತಿದ್ದ. ಒಲೆಯ ಮುಂದೆ ಬಿಟ್ಟರೆ ಬೂದಿಗೆ ಮೂಗು ತಾಗುವಷ್ಟು ಹತ್ತಿರ ಹೋಗುತ್ತಿದ್ದ.

ಹೊಲಿಗೆ ನನ್ನ ಹವ್ಯಾಸ, ಮಳೆಗಾಲದ ಮಧ್ಯಾಹ್ನಗಳ ಆಸರೆ. ಹರಿದ ಸೀರೆ, ಅಂಗಿಗಳಿಂದ ಹೊದಿಕೆ ಮಾಡುವುದು, ಹಳೆಯ ಪರದೆಗಳಿಂದ ಚೀಲ ಮಾಡುವುದು ಇವೆಲ್ಲ ಕೈಗೆ ಒಗ್ಗಿದ್ದವು. ಆದರೆ ನಾಯಿಗೆ ಅಂಗಿ ಹೊಲಿದಿರಲಿಲ್ಲ. ಕುತ್ತಿಗೆಯ ಬುಡದಿಂದ ಬಾಲದ ಬುಡಕ್ಕೆ ಇಪ್ಪತ್ತೆಂಟು ಇಂಚು, ಎದೆಯ ಸುತ್ತು ಮೂವತ್ತು, ಹೊಟ್ಟೆಯ ಸುತ್ತು ಇಪ್ಪತ್ತರ ಹತ್ತಿರ. ಮನುಷ್ಯರ ಅಂಗಿಯ ಯಾವ ಲೆಕ್ಕವೂ ಅವನಿಗೆ ಹೊಂದುತ್ತಿರಲಿಲ್ಲ. ಮಾವನವರ ಹಳೆಯ ಕರಿ ಕಂಬಳಿಯ ನುಸಿ ತಿನ್ನದ ಭಾಗವನ್ನು ಕತ್ತರಿಸಿ, ಅದು ಚರ್ಮಕ್ಕೆ ಚುಚ್ಚದಂತೆ ಒಳಗೆ ಹತ್ತಿಯ ಧೋತ್ರದ ಬಟ್ಟೆ ಕೊಟ್ಟೆ. ಗಂಡು ನಾಯಿಯಾದ್ದರಿಂದ ಹೊಟ್ಟೆಯ ಕೆಳಭಾಗ ತೆರೆದೇ ಇರಬೇಕು, ಇಲ್ಲದಿದ್ದರೆ ಮೂತ್ರ ತಾಗಿ ನಾರುತ್ತದೆ. ಮೊದಲು ಗುಂಡಿ ಹಾಕಿದೆ. ಅವನು ಮಲಗಿ ಏಳುವಷ್ಟರಲ್ಲಿ ಒಂದನ್ನು ಕಚ್ಚಿ ಕಿತ್ತಿದ್ದ. ಗುಂಡಿ ತೆಗೆದು ಲಾಡಿ ಹೊಲಿದೆ. ಮುಂಗಾಲಿನ ಸಂದಿಯಲ್ಲಿ ಬಟ್ಟೆ ಉಜ್ಜಿ ಕೆಂಪಾದದ್ದನ್ನು ಕಂಡು ಅಲ್ಲಿ ಅರ್ಧಚಂದ್ರದಂತೆ ಇನ್ನಷ್ಟು ಕತ್ತರಿಸಿ, ಅಂಚಿಗೆ ಮೆತ್ತನೆಯ ಪಟ್ಟಿ ಕೊಟ್ಟೆ. ನಾಲ್ಕನೆಯ ಸಲ ತೊಡಿಸಿದಾಗ ಅವನು ಮೈ ಕೊಡವಲಿಲ್ಲ. ತಲೆ ತಗ್ಗಿಸಿ ಅಂಗಿಯನ್ನು ಮೂಸಿ, ಜಗಲಿಯ ತುದಿಗೆ ಹೋಗಿ, ಮಳೆಯನ್ನು ನೋಡುತ್ತ ಕುಳಿತ. ಅವನ ಬೆನ್ನು ನಡುಗುತ್ತಿರಲಿಲ್ಲ.

ಆದರೆ ಅವನು ಉಣ್ಣುತ್ತಿರಲಿಲ್ಲ. ತಟ್ಟೆಯ ಮುಂದೆ ನೆಟ್ಟಗೆ ಕುಳಿತು ನನ್ನ ಮುಖ ನೋಡುತ್ತಿದ್ದ, ಬಾಯಲ್ಲಿ ನೀರು ಸುರಿಯುತ್ತಿದ್ದರೂ ಮುಟ್ಟುತ್ತಿರಲಿಲ್ಲ. ‘ತಿನ್ನು’ ಎಂದೆ, ‘ಊಟ’ ಎಂದೆ, ಇಂಗ್ಲಿಷಿನಲ್ಲಿ ಹೇಳಿದೆ, ಹಿಂದಿಯಲ್ಲಿಯೂ ಹೇಳಿ ನೋಡಿದೆ. ಕೊನೆಗೆ ಮೈಸೂರಿನ ಮದುವೆ ಮನೆಯಲ್ಲಿದ್ದ ಅವರಿಗೆ ಫೋನು ಮಾಡಿದೆ. ಸೈನ್ಯದವರ ನಾಯಿ, ಯಾವುದೋ ಕಟ್ಟುನಿಟ್ಟಿನ ಆದೇಶವಿರಬೇಕು ಎಂದುಕೊಂಡಿದ್ದೆ. ಅವರು ಸ್ವಲ್ಪ ಹಿಂಜರಿದು, ‘ಫೋನನ್ನು ಅವನ ಹತ್ತಿರ ಹಿಡಿಯಿರಿ’ ಎಂದರು. ಹಿಡಿದೆ. ವಾಲಗದ ಸದ್ದಿನ ನಡುವೆ ಆ ಮಿತಭಾಷಿಯ ದನಿ, ನಾನು ಎಂದೂ ಕೇಳಿರದಷ್ಟು ಮೆತ್ತಗೆ, ‘ಉಣ್ಣು ಮಗಾ’ ಎಂದಿತು. ಅರ್ಜುನ ತಟ್ಟೆಗೆ ಬಾಯಿ ಹಾಕಿದ. ಉಳಿದ ದಿನಗಳೆಲ್ಲ ನಾನೂ ಅದೇ ಮಾತನ್ನು ಹೇಳಿದೆ. ಅವರು ಮರಳಿ ಬಂದು ಅವನನ್ನು ಕರೆದೊಯ್ಯುವಾಗ ನನ್ನ ಮುಖ ನೋಡಲು ಸಂಕೋಚಪಟ್ಟರು, ನಾನು ಆ ವಿಷಯ ಎತ್ತಲಿಲ್ಲ. ಎರಡು ವಾರದ ನಂತರ ಒಂದು ಬಾಟಲಿ ಕಾಚಂಪುಳಿ, ಅಡುಗೆಗೆ ಹಾಕುವ ಕಪ್ಪು ಹುಳಿರಸ, ಕಳುಹಿಸಿದರು, ತಮ್ಮ ತೋಟದ ಹಣ್ಣಿನದು, ಕಾಸಿ ಕಾಸಿ ಜೇನಿನಂತೆ ದಪ್ಪವಾದದ್ದು.

ನಮ್ಮ ತೋಟದ ಗಡಿಯಲ್ಲಿ ಒಂದು ಪುಟ್ಟ ದೇವರಕಾಡು ಇದೆ. ಕೊಡಗಿನಲ್ಲಿ ಇಂಥವು ಸಾವಿರಕ್ಕೂ ಹೆಚ್ಚು. ಇಲ್ಲಿರುವುದು ಬೇಟೆಯ ದೇವರಾದ ಅಯ್ಯಪ್ಪ. ಹರಕೆ ಹೊತ್ತವರು ಮಣ್ಣಿನ ನಾಯಿಗಳನ್ನು ತಂದೊಪ್ಪಿಸುತ್ತಾರೆ. ಮರದ ಬುಡದಲ್ಲಿ ಸಾಲಾಗಿ ನಿಂತ ಅವುಗಳಲ್ಲಿ ಹಳೆಯವಕ್ಕೆ ಕಿವಿ ಮುರಿದಿದೆ, ಬೆನ್ನ ಮೇಲೆ ಪಾಚಿ ಬೆಳೆದಿದೆ, ಕೆಲವು ಮಳೆಗೆ ಕರಗಿ ನಾಯಿಯೋ ಕಲ್ಲೋ ತಿಳಿಯದಂತಾಗಿವೆ. ದೇವರು ಕಾಡಿಗೆ ಹೋಗುವಾಗಲೂ ಜೊತೆಗೆ ನಾಯಿ ಇರಬೇಕೆಂದು ಭಾವಿಸಿದ ಹಿರಿಯರ ಬಗ್ಗೆ ನನಗೆ ಬಹಳ ಪ್ರೀತಿಯಿದೆ.

ಈ ವರ್ಷ ಜುಲೈ ನಡುವಿನಲ್ಲಿ ಕೊಡಗಿನ ಕಕ್ಕಡ ತಿಂಗಳು ಹಿಡಿದ ಮೇಲೆ ಬಂದವನು ರಾಜ, ಹನ್ನೊಂದು ವರ್ಷದ ಕಪ್ಪು ಲ್ಯಾಬ್ರಡಾರ್. ಅವನ ಒಡತಿ ನನ್ನ ಬಹುಕಾಲದ ಗೆಳತಿ, ನಿವೃತ್ತ ಶಿಕ್ಷಕಿ. ಎರಡು ವರ್ಷದ ಹಿಂದೆ ಗಂಡನನ್ನು ಕಳೆದುಕೊಂಡವಳು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಮೈಸೂರಿಗೆ, ಮಗಳ ಮನೆಗೆ ಹೊರಟಿದ್ದಳು. ರಾಜನ ಮಾತ್ರೆ, ಲಸಿಕೆಯ ಪುಸ್ತಕ, ಅವನ ಹಾಸಿಗೆ, ಹಲ್ಲಿಲ್ಲದ ಬಾಯಿಗೆ ಎಷ್ಟು ಮೆತ್ತಗೆ ಅನ್ನ ಕಲಸಬೇಕೆಂಬ ಚೀಟಿ, ಎಲ್ಲವನ್ನೂ ಒಪ್ಪಿಸಿದಳು. ಲಸಿಕೆಯ ಪುಸ್ತಕದಲ್ಲಿ ರೇಬೀಸಿನದು ಮಾತ್ರವಲ್ಲ, ಇಲಿಯ ಮೂತ್ರ ಬೆರೆತ ನೀರಿನಿಂದ ಹರಡುವ ಲೆಪ್ಟೋಸ್ಪೈರೋಸಿಸ್‌ನ ಲಸಿಕೆಯೂ ತಪ್ಪದೆ ನಮೂದಾಗಿತ್ತು. ಮಳೆನಾಡಿನಲ್ಲಿ ಅದನ್ನು ಮರೆಯುವವರೇ ಹೆಚ್ಚು.

ನಾನೇ ಒಂದು ತಪ್ಪು ಮಾಡಿದೆ. ಮಳೆ ಬಿಟ್ಟಿತೆಂದು ಅವನನ್ನು ತೊರೆಯ ಕಡೆಗೆ ಕರೆದೊಯ್ದೆ, ಅವನು ನಿಂತ ನೀರಿಗೆ ಮೂಗಿಟ್ಟು ಕುಡಿದ. ಮೂರನೆಯ ದಿನಕ್ಕೆ ಸೀನು ಶುರುವಾಯಿತು, ಒಂದೇ ಹೊಳ್ಳೆಯಿಂದ ತೆಳ್ಳಗೆ ರಕ್ತ ಬಂತು. ಕಾಲಿಗೆ ಹತ್ತುವ ಜಿಗಣೆಗೆ ಉಪ್ಪು ಸಾಕು, ಮೂಗಿನೊಳಗೆ ಸೇರಿದ ಜಿಗಣೆಗೆ ಮನೆಯ ಉಪಾಯ ಹೂಡಬಾರದು. ಪಶುವೈದ್ಯರು ಅವನ ಮೂಗಿನ ಮುಂದೆ ತಣ್ಣೀರಿನ ಬಟ್ಟಲು ಹಿಡಿದು ತಾಳ್ಮೆಯಿಂದ ಕಾದರು. ನೀರಿನ ಆಸೆಗೆ ಅದು ಹೊರಗೆ ತಲೆ ಹಾಕಿದಾಗ ಚಿಮಟದಿಂದ ಹಿಡಿದು ತೆಗೆದರು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾಗೆ ಎಚ್ಚರವಿದ್ದುದರಿಂದಲೇ ಇನ್ನೊಂದು ಸಂಗತಿ ತಿಳಿಯಿತು.

ಮೂರು ಗಂಟೆಗೆ ಸ್ವಲ್ಪ ಮುಂಚೆ ರಾಜ ಎದ್ದ. ಹೊರಗೆ ಹೋಗಬೇಕೆಂದು ಬಾಗಿಲ ಬಳಿ ನಿಲ್ಲಲಿಲ್ಲ. ಉಗುರುಗಳ ಟಕಟಕ ಸದ್ದಿನೊಡನೆ ನಿಧಾನವಾಗಿ ಅಡುಗೆಮನೆಗೆ ಹೋಗಿ, ಮೇಜಿನ ಪಕ್ಕದ ಕುರ್ಚಿಯ ಕಾಲಿನ ಬಳಿ ಮಲಗಿ, ಖಾಲಿ ಕುರ್ಚಿಯ ಕಡೆಗೆ ತಲೆಯೆತ್ತಿ ನೋಡಿದ. ನಾನು ಹೋಗಿ ಅದರಲ್ಲಿ ಕುಳಿತೆ. ಅವನು ಗದ್ದವನ್ನು ನನ್ನ ಪಾದದ ಮೇಲೆ ಇಟ್ಟು ನಿಟ್ಟುಸಿರು ಬಿಟ್ಟ. ಮರುದಿನವೂ ಅದೇ ಹೊತ್ತು, ಅದೇ ಕುರ್ಚಿ. ಅದರ ಮರುದಿನವೂ ಅದೇ. ನಾಲ್ಕೂವರೆಯವರೆಗೆ ಅಲ್ಲಿದ್ದು ಆಮೇಲೆ ತನ್ನ ಹಾಸಿಗೆಗೆ ಮರಳುತ್ತಿದ್ದ.

ನನ್ನ ಗೆಳತಿ ಎರಡು ವರ್ಷಗಳಿಂದ ‘ನಾನು ಆರಾಮಾಗಿದ್ದೇನೆ, ಒಬ್ಬಳೇ ಇರುವುದು ಅಭ್ಯಾಸವಾಗಿದೆ’ ಎಂದೇ ಹೇಳುತ್ತಿದ್ದಳು. ನಾನೂ ನಂಬಿದ್ದೆ. ಅವಳು ಪ್ರತಿ ರಾತ್ರಿ ಮೂರು ಗಂಟೆಗೆ ಎದ್ದು ಅಡುಗೆಮನೆಯ ಕುರ್ಚಿಯಲ್ಲಿ ಬೆಳಗಿನ ಜಾವದವರೆಗೆ ಕುಳಿತಿರುತ್ತಾಳೆ ಎಂಬುದನ್ನು ಅವಳ ನಾಯಿ ನನಗೆ ಹೇಳಿತು.

ಆಗಸ್ಟ್ 3ರಂದು ಅವಳು ಬಂದಳು. ಅಂದು ಕಕ್ಕಡ ಹದಿನೆಂಟು, ನಮ್ಮ ಮನೆಮಾತಾದ ಅರೆಭಾಷೆಯಲ್ಲಿ ಆಟಿ ಹದಿನೆಂಟು. ಮದ್ದು ಸೊಪ್ಪು ಬೇಯಿಸಿದ ನೇರಳೆ ನೀರಿನಲ್ಲಿ ಪಾಯಸ ಮಾಡಿದ್ದೆ. ಕಪ್ಪು ಕನ್ನಡಕ ಹಾಕಿಕೊಂಡು ಅವಳು ಬಟ್ಟಲು ಖಾಲಿ ಮಾಡುವವರೆಗೆ ರಾಜ ಅವಳ ಸೀರೆಯ ನೆರಿಗೆಯ ಮೇಲೆ ಮಲಗಿದ್ದ. ಯಜಮಾನರು ಜೀಪು ತೆಗೆಯಲು ಹೋದಾಗ ನಾನು ಹೇಳಿದೆ: ‘ಅವನು ಇಲ್ಲಿಯೂ ಮೂರು ಗಂಟೆಗೆ ಏಳುತ್ತಿದ್ದ ಮಾರಾಯ್ತಿ, ಕುರ್ಚಿಯ ಹತ್ತಿರ ಹೋಗಿ ಮಲಗುತ್ತಿದ್ದ.’ ಅವಳು ಕನ್ನಡಕ ತೆಗೆಯಲಿಲ್ಲ. ರಾಜನ ಕಿವಿಯನ್ನು ಬೆರಳಿನಿಂದ ಮಡಚುತ್ತ, ಬಿಡಿಸುತ್ತ ಕುಳಿತಳು. ‘ಆ ಹೊತ್ತಿಗೆ ನನಗೂ ಎಚ್ಚರವಾಗುವುದು ರೂಢಿಯಾಗಿಬಿಟ್ಟಿದೆ. ಫೋನು ಮಾಡು’ ಎಂದೆ.

ಒಂದು ವಾರ ಮಾಡಲಿಲ್ಲ. ಎಂಟನೆಯ ರಾತ್ರಿ ಮೂರು ಗಂಟೆ ಹತ್ತು ನಿಮಿಷಕ್ಕೆ ಫೋನು ಬಂತು. ಏನು ಮಾತಾಡುವುದೆಂದು ಇಬ್ಬರಿಗೂ ತಕ್ಷಣ ಹೊಳೆಯಲಿಲ್ಲ. ಅವಳ ಕಡೆಯಿಂದ ಸಿಮೆಂಟು ನೆಲದ ಮೇಲೆ ಉಗುರುಗಳ ಟಕಟಕ ಸದ್ದು ಕೇಳಿತು, ಹತ್ತಿರ ಬಂದು ನಿಂತಿತು. ಆಮೇಲೆ ಅವಳು, ‘ನಿಮ್ಮಲ್ಲಿ ಮಳೆ ಹೇಗಿದೆ?’ ಎಂದು ಕೇಳಿದಳು. ನಾನು ಮಳೆಪುಸ್ತಕ ತಂದು ಮೇಜಿನ ದೀಪದಡಿ ತೆರೆದು, ಹಿಂದಿನ ಬೆಳಗಿನ ಲೆಕ್ಕ ಓದಿ ಹೇಳಿದೆ: ಎರಡು ಇಂಚು ಮೂವತ್ತೈದು ಸೆಂಟು.